ಹಳೆ ಜೀಪಿಗೆ ನಾಲ್ಕು ಗೇರು, ಹ್ಯಾಂಗಿಂಗ್ ಪೆಡಲು: ಖರ್ಚು ಒಂದಕ್ಕೆ, ಸುಖ ಇನ್ನೊಂದರಿಂದ

ದುಡ್ಡು ಸುರಿದದ್ದು ಗೇರ್‌ಬಾಕ್ಸಿಗೆ. ನೆಲದಿಂದ ಏಳುವ ಬದಲು ಮೇಲಿನಿಂದ ತೂಗುವ ಪೆಡಲಿನ ಕಿಟ್ ತರಿಸಿದ್ದು, "ಹೇಗೂ ಬಾಕ್ಸ್ ಇಳಿಸ್ತೀರಲ್ಲ, ಅದನ್ನೂ ಒಟ್ಟಿಗೇ ಮುಗಿಸಿ ಬಿಡುವ" ಎಂದು ಮೆಕ್ಯಾನಿಕ್ ಹೇಳಿದ್ದಕ್ಕೆ. ಈಗ ಯಾರಾದರೂ ಬಾನೆಟ್ ಎತ್ತಿಸಿ "ಹೇಗುಂಟು?" ಅಂತ ಕೇಳಿದರೆ ಗೇರಿನ ಸುದ್ದಿಯನ್ನು ಎರಡು ಮಾತಲ್ಲಿ ಮುಗಿಸಿ ಪೆಡಲಿಗೆ ಬರುತ್ತೇನೆ. ಹೊಗಳಿಕೆಯೂ ಅದರದ್ದೇ, ಬೈಗಳೂ ಅದಕ್ಕೇ.

ಗಾಡಿ 1968ರ ಮಹೀಂದ್ರ ಜೀಪು, ಸಿಜೆ 3ಬಿ, ಪೆಟ್ರೋಲು. ಅಪ್ಪ ತೋಟಕ್ಕೆಂದು ತೆಗೆದುಕೊಂಡದ್ದು. ಎಂಜಿನ್ ಅದೇ ಹರಿಕೇನ್, ಅದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಹಿಂದೆ ಇದ್ದ ಟಿ-90 ಮೂರು ಗೇರಿನ ಬಾಕ್ಸು ಗಟ್ಟಿ ಜೀವ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಫಸ್ಟ್ ಗೇರಿಗೆ ಸಿಂಕ್ರೊ, ಅಂದರೆ ಓಡುವಾಗ ಹಲ್ಲುಗಳ ವೇಗ ಹೊಂದಿಸಿ ಗೇರು ಬೀಳಿಸುವ ರಿಂಗು, ಇಲ್ಲ. ಗಾಡಿ ಪೂರ್ತಿ ನಿಲ್ಲದೆ ಫಸ್ಟ್ ಬೇಕಾದರೆ ನ್ಯೂಟ್ರಲಿನಲ್ಲೊಮ್ಮೆ ಬಿಟ್ಟು ಎರಡು ಸಲ ಕ್ಲಚ್ ತುಳಿಯುವ ಡಬಲ್ ಕ್ಲಚ್ಚೇ ಗತಿ. ಜೊತೆಗೆ ಗೇರಿನ ಅನುಪಾತ ಫಸ್ಟಿಗೆ 2.798, ಸೆಕೆಂಡಿಗೆ 1.551. ನಡುವೆ ಅಷ್ಟು ದೊಡ್ಡ ಕಂದಕ. ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಆ ಹದಿನಾಲ್ಕು ತಿರುವುಗಳಲ್ಲಿ ಸೆಕೆಂಡ್ ಎಳೆಯುವುದಿಲ್ಲ, ಫಸ್ಟ್ ಕಿರುಚುತ್ತದೆ. ನಮ್ಮದು ಉಡುಪಿ ಬದಿಯ ಪರ್ಕಳದ ಆಚೆ ಮನೆ. ಒಂದೇ ರಸ್ತೆ, ರಾಷ್ಟ್ರೀಯ ಹೆದ್ದಾರಿ 169ಎ, ಕೆಳಗೆ ಇಳಿದರೆ ಮಲ್ಪೆಯ ಮೀನು, ಮೇಲೆ ಹೋದರೆ ಆಗುಂಬೆಯ ಮಳೆ. ನನ್ನ ಓಡಾಟವೆಲ್ಲ ಇದರ ಮೇಲೆಯೇ, ಹಾಗಾಗಿ ಈ ವಿಮರ್ಶೆಯೂ ಈ ರಸ್ತೆಗೆ ಹೊಂದುವಂಥದ್ದು. ಬೆಂಗಳೂರಿನವರು ಸ್ವಲ್ಪ ಕೂಡಿಸಿ ಕಳೆದು ಓದಿಕೊಳ್ಳಿ.

ಹೊಸದಾಗಿ ಕೂತದ್ದು ಮಹೀಂದ್ರದ್ದೇ ಡೀಸೆಲ್ ಜೀಪೊಂದರಿಂದ ಇಳಿಸಿದ ನಾಲ್ಕು ಗೇರಿನ ಬಾಕ್ಸು. ಗುಜರಿಯಲ್ಲಿ ಸಿಕ್ಕಿತು, ಬಿಚ್ಚಿಸಿ ಬೇರಿಂಗು, ಸಿಂಕ್ರೊ ರಿಂಗು ಹೊಸತು ಹಾಕಿಸಿದೆ. ಘಾಟಿಯ ಆ ಕಂದಕ ತುಂಬಿತು. ಮಣಿಪಾಲದ ಏರಿನಲ್ಲಿ ಬಸ್ಸಿನ ಹಿಂದೆ ತೆವಳುತ್ತಾ ಹೋಗುವಾಗಲೂ ಇಳಿಸಬೇಕಾದ ಗೇರು ಸುಮ್ಮನೆ ಬೀಳುತ್ತದೆ. ಅಷ್ಟರಮಟ್ಟಿಗೆ ಖುಷಿ. ಆದರೆ ಹೈವೇಯಲ್ಲಿ ಎಂಜಿನ್ ಸದ್ದು ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯದರ ಟಾಪ್ ಗೇರು 1:1, ಇದರದ್ದೂ 1:1. ಹಿಂದಿನ ಆ್ಯಕ್ಸಲ್ಲಿನ ಅನುಪಾತ 5.38 ಇರುವವರೆಗೆ, 16 ಇಂಚಿನ ಹಳೆ ಅಳತೆಯ ಟಯರಿನಲ್ಲಿ ಗಂಟೆಗೆ 60 ಕಿಲೋಮೀಟರಿಗೆ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗಲೇಬೇಕು. ಗೇರು ಮೂರಿದ್ದರೂ ಅಷ್ಟೇ, ನಾಲ್ಕಿದ್ದರೂ ಅಷ್ಟೇ. ಆ್ಯಕ್ಸಲ್ಲು 4.88 ಮಾಡಿಸಿದರೆ 2,200ರ ಹತ್ತಿರ ಬರುತ್ತದೆ. ನನಗೆ ಬೇಡ, ಘಾಟಿಯಲ್ಲಿ ಗಳಿಸಿದ್ದನ್ನು ಸಂತೆಕಟ್ಟೆಯ ಹೈವೇಗಾಗಿ ಕಳೆದುಕೊಳ್ಳುವ ಆಸೆ ಇಲ್ಲ.

ಕೂರಿಸುವ ಕೆಲಸದ ಬಗ್ಗೆ ಒಂದೇ ಮಾತು. ಎಂಜಿನ್ನಿಗೂ ಬಾಕ್ಸಿಗೂ ನಡುವೆ ಅಡಾಪ್ಟರ್ ಪ್ಲೇಟ್ ಬೇಕು, ಕ್ರ್ಯಾಂಕಿನ ಹಿಂದೆ, ಬಾಕ್ಸಿನ ಶಾಫ್ಟಿನ ತುದಿ ಕೂರುವ ಪೈಲಟ್ ಬುಷ್ ಹೊಸತು ಲೇತಿನಲ್ಲಿ ಮಾಡಿಸಬೇಕು, ಬಾಕ್ಸು ಉದ್ದವಾದ್ದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡಿ ಮುಂದಿನದನ್ನು ಉದ್ದ ಮಾಡಬೇಕು. ಇದೆಲ್ಲ ಮಂಗಳೂರಿನ ಬೈಕಂಪಾಡಿಯ ಲೇತಿನಲ್ಲಿ ಆಯಿತು. ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ಸೆಂಟರನ್ನು ಡಯಲ್ ಗೇಜ್ ಹಾಕಿ ನೋಡಿಸಿ. ಹಳೆ ಫೋರ್ಡಿಗೆ ಬೇರೆ ಕಾಲದ ಗೇರ್‌ಬಾಕ್ಸ್ ಜೋಡಿಸುವ ಅಮೆರಿಕದ ಹಾಟ್ ರಾಡ್ ಮಂದಿ 0.005 ಇಂಚಿಗಿಂತ ಹೆಚ್ಚು ಆಚೀಚೆ ಬಿಡುವುದಿಲ್ಲ. ಹೆಚ್ಚಾದರೆ ಪೈಲಟ್ ಬುಷ್ಷು, ಇನ್‌ಪುಟ್ ಬೇರಿಂಗು ಎರಡನ್ನೂ ತಿನ್ನುತ್ತದೆ. ನಮ್ಮಲ್ಲಿ ಇದು ಕಣ್ಣಂದಾಜಿನಲ್ಲೇ ಮುಗಿಯುವುದು ಜಾಸ್ತಿ. ಲೇತಿನ ಮೇಸ್ತ್ರಿ ಗೇಜ್ ತೆಗೆದಾಗ ನನಗೆ ಅರ್ಧ ಧೈರ್ಯ ಬಂತು.

ಇನ್ನು ಪೆಡಲು. ಹಳೆ ಜೀಪಿನ ಕ್ಲಚ್, ಬ್ರೇಕ್ ಎರಡೂ ನೆಲದ ತಗಡಿನ ಸೀಳಿನಿಂದ ಮೇಲೆ ಬರುವಂಥವು. ಕ್ಲಚ್ಚಿಗೆ ಕೆಳಗೆ ರಾಡು, ಲಿಂಕೇಜು. ಎಂಜಿನ್ ತನ್ನ ರಬ್ಬರಿನ ಮೇಲೆ ಸ್ವಲ್ಪ ವಾಲಿದರೂ, ಚಾಸಿ ಹೊಂಡದಲ್ಲಿ ತಿರುಚಿದರೂ ಫ್ರೀ ಪ್ಲೇ, ಅಂದರೆ ಪೆಡಲಿನ ಮೊದಲ ಖಾಲಿ ಓಟ, ಬದಲಾಗುತ್ತದೆ. ಪೆಡಲಿನ ಒತ್ತನ್ನು ಎಣ್ಣೆಗೆ ದಾಟಿಸುವ ಬ್ರೇಕಿನ ಮಾಸ್ಟರ್ ಸಿಲಿಂಡರ್ ನೆಲದಡಿಯಲ್ಲಿ, ಎಣ್ಣೆ ನೋಡಬೇಕಾದರೆ ತಗಡಿನ ಮುಚ್ಚಳ ಬಿಚ್ಚಿ ಬಗ್ಗಬೇಕು. ಹ್ಯಾಂಗಿಂಗ್ ಪೆಡಲ್ ಕಿಟ್ ಬಂದರೆ ಎರಡೂ ಮಾಸ್ಟರ್ ಸಿಲಿಂಡರ್ ಮೇಲೆ, ಬಾನೆಟ್ಟಿನೊಳಗೆ. ಕ್ಲಚ್ಚಿಗೆ ರಾಡಿನ ಬದಲು ಎಣ್ಣೆಯ ಪೈಪು, ಅದರ ತುದಿಯಲ್ಲಿ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರು.

ಕಿಟ್ ಕಳಿಸಿದ ಉತ್ತರ ಭಾರತದ ಅಂಗಡಿಯವನ ಚೀಟಿಯಲ್ಲಿ ಇದ್ದದ್ದು ಇಷ್ಟೇ: ತೂತು ಹೊಡೆಯಿರಿ, ಬೋಲ್ಟ್ ಹಾಕಿ, ಪೈಪಿನ ಏರ್ ತೆಗೆಯಿರಿ. ಹಾಗೇ ಮಾಡಿದರು. ಮೊದಲ ದಿನದಿಂದಲೇ ರಿವರ್ಸ್ ಹಾಕುವಾಗ ಕರ್ರ್ ಎಂದು ಶಬ್ದ. ಫಸ್ಟಿಗೆ ಹಾಕಿ ಕ್ಲಚ್ ಪೂರ್ತಿ ತುಳಿದರೂ ಗಾಡಿ ಮೆಲ್ಲಗೆ ಮುಂದಕ್ಕೆ ತೆವಳುವುದು. ಪೆಡಲೋ, ಕಲ್ಲು. ಉಡುಪಿಯ ಕಲ್ಸಂಕದಲ್ಲಿ ಸಿಗ್ನಲ್ ಬಿಡುವಷ್ಟರಲ್ಲಿ ಎಡಗಾಲಿನ ಮಂಡಿ ನಡುಗಲು ಶುರು. ಒಬ್ಬರು ಏರ್ ಉಂಟು ಅಂದರು, ಮತ್ತೆ ಏರ್ ತೆಗೆದದ್ದಾಯಿತು. ಇನ್ನೊಬ್ಬರು ಪ್ರೆಶರ್ ಪ್ಲೇಟ್ ಹೋಗಿದೆ ಅಂದರು, ಅದೂ ಹೊಸತೇ. ಭಾವ ಒಂದು ಸುತ್ತು ಓಡಿಸಿ ಬಂದು, "ಭಾವ, ಇದಕ್ಕಿಂತ ಅಪ್ಪನ ಕಾಲದ್ದೇ ಲಾಯ್ಕಿತ್ತು ಮಾರಾಯ" ಅಂದುಬಿಟ್ಟ. ಅಂಗಡಿಯವನಿಗೆ ಫೋನ್ ಮಾಡಿದರೆ, ಎಲ್ಲರೂ ಹೀಗೇ ಹಾಕುವುದು, ನಿಮ್ಮ ಗಾಡಿಯ ತಗಡೇ ಹಳತು ಎಂಬ ಉತ್ತರ. ಆ ಹೊತ್ತಿಗೆ ಈ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೂಡ ಬೀಳುತ್ತಿರಲಿಲ್ಲ.

ಸಿಕ್ಕಿಹಾಕಿಕೊಂಡದ್ದನ್ನು ಬಿಡಿಸಿದವರು ಅದೇ ಲೇತಿನ ಮೇಸ್ತ್ರಿ. ಬಾನೆಟ್ ಎತ್ತಿ, ಬೀಡಿ ಬದಿಗಿಟ್ಟು, "ತುಳಿಯಿರಿ" ಅಂದರು. ತುಳಿದೆ. "ಬಿಡಿ." ಬಿಟ್ಟೆ. ಆಮೇಲೆ ನನ್ನನ್ನು ಇಳಿಸಿ ತನ್ನ ಹುಡುಗನನ್ನು ಕೂರಿಸಿ ನನಗೆ ತೋರಿಸಿದರು. ಅವನು ತುಳಿದಾಗೆಲ್ಲ ಮಾಸ್ಟರ್ ಸಿಲಿಂಡರು ಸಾಲ ಕೇಳಲು ಬಂದವನ ಹಾಗೆ ಹೌದು ಹೌದು ಎಂದು ತಲೆಯಾಡಿಸುತ್ತಿತ್ತು. ಬ್ಯಾಟರಿ ಟ್ರೇಗೆ ಒಂದು ತಂತಿ ಕಟ್ಟಿ ಅದರ ತುದಿಯನ್ನು ಸಿಲಿಂಡರಿಗೆ ತಾಗಿಸಿ, ಸ್ಕೇಲ್ ಹಿಡಿದರು: ನಾಲ್ಕು ಮಿಲಿಮೀಟರ್ ಆಟ. ಸಿಲಿಂಡರಿನದ್ದಲ್ಲ, ಅದನ್ನು ಹಿಡಿದ ಫೈರ್‌ವಾಲ್, ಅಂದರೆ ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ, ಆ ತಗಡಿನದ್ದು.

ಲೆಕ್ಕ ಸರಳ. ಪೆಡಲಿನ ಸನ್ನೆ 6:1. ಕಾಲಿನಲ್ಲಿ 15 ಕೆಜಿ ಒತ್ತಿದರೆ ಸಿಲಿಂಡರಿನ ರಾಡಿಗೆ 90 ಕೆಜಿ ಬೀಳುತ್ತದೆ, ಅಷ್ಟನ್ನೂ ತಡೆದು ನಿಲ್ಲಬೇಕಾದ್ದು ಐವತ್ತು ವರ್ಷ ದಾಟಿದ ಒಂದು ತೆಳು ತಗಡು. ತಗಡು ಬಾಗಿದಷ್ಟೂ ಪೆಡಲಿನ ಓಟ ಗಾಳಿಗೆ ಹೋಗುತ್ತದೆ, ಸ್ಲೇವಿಗೆ ತಲುಪುವುದಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ. ರಿವರ್ಸ್ ಕರ್ರ್ ಎಂದದ್ದು ಅದಕ್ಕೇ. 3 ಎಂಎಂ ಪ್ಲೇಟು ಒಳಗೊಂದು ಹೊರಗೊಂದು ಹಾಕಿ ತಗಡನ್ನು ನಡುವೆ ಹಿಡಿಸಿದರು, ಪೆಡಲ್ ಬ್ರ್ಯಾಕೆಟ್ಟಿನಿಂದ ಡ್ಯಾಶಿನ ಅಡಿಗೆ ಒಂದು ಆ್ಯಂಗಲ್ ಕೊಟ್ಟರು. ಅಲ್ಲಿಗೆ ರೋಗ ಹೋಯಿತು. ಕಿಟ್ ಮಾರುವವನು ಈ ಎರಡು ತುಂಡು ಪ್ಲೇಟನ್ನು ಡಬ್ಬಿಯಲ್ಲಿ ಹಾಕಿಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಪೆಡಲಿನ ಗಟ್ಟಿತನ ಮಾತ್ರ ಉಳಿದಿತ್ತು. ಕಿಟ್ಟಿನಲ್ಲಿ ಬಂದದ್ದು ಮುಕ್ಕಾಲು ಇಂಚಿನ ಮಾಸ್ಟರ್ ಸಿಲಿಂಡರ್. ಅದರ ಬದಲು 5/8 ಇಂಚಿನದ್ದು ಹಾಕಿಸಿದೆ. ಸಿಲಿಂಡರ್ ಸಣ್ಣದಾದಷ್ಟೂ ಕಾಲಿಗೆ ಹಗುರ, ಆದರೆ ತುಳಿಯುವ ದೂರ ಜಾಸ್ತಿ. ಈ ಎರಡು ಅಳತೆಗಳ ನಡುವೆ ಕಾಲಿನ ಬಲ ಸುಮಾರು ಶೇಕಡಾ 30 ಇಳಿಯುತ್ತದೆ, ಓಟ ಶೇಕಡಾ 44 ಹೆಚ್ಚುತ್ತದೆ. ತಗಡು ಬಾಗುತ್ತಿದ್ದಾಗಲೇ ಇದನ್ನು ಹಾಕಿದ್ದರೆ ಕ್ಲಚ್ ಬಿಡುತ್ತಲೇ ಇರಲಿಲ್ಲ. ಮೊದಲು ಪ್ಲೇಟು, ಆಮೇಲೆ ಸಿಲಿಂಡರು, ಆ ಕ್ರಮ ತಪ್ಪಿಸಬೇಡಿ.

ಆಮೇಲೆ ಜೂನ್ ಬಂತು. ಇಲ್ಲಿಂದ ನನ್ನ ಬೈಗಳು ಮುಗಿಯಿತು ಅನ್ನಿ.

ಹಳೆ ಜೀಪನ್ನು ನಮ್ಮೂರ ಮಳೆಗಾಲದಲ್ಲಿ ಓಡಿಸಿದವರಿಗೆ ಹೇಳಬೇಕಾಗಿಲ್ಲ. ಮೇಲಿನ ಹುಡ್ಡು ಎಷ್ಟು ಬಿಗಿಯಾಗಿದ್ದರೂ ನೀರು ಬರುವುದು ಕೆಳಗಿನಿಂದ. ಪೆಡಲಿನ ಸೀಳಿಗೆ ಚರ್ಮದ ತುಂಡು, ಸೈಕಲ್ ಟ್ಯೂಬು, ಗೋಣಿ, ಅಪ್ಪ ಎಲ್ಲ ನೋಡಿದ್ದರು. ಹೊಂಡಕ್ಕೆ ಮುಂದಿನ ಚಕ್ರ ಬಿದ್ದ ಕೂಡಲೇ ಕೆಂಪು ನೀರು ಸೀಳಿನಿಂದ ಚಿಮ್ಮಿ ಮೊಣಕಾಲಿನವರೆಗೆ ಮುಂಡು ಒದ್ದೆ. ಮಲ್ಪೆಗೆ ಹೋಗಿ ಬಂದರೆ ಮೀನಿಗಿಂತ ನನ್ನ ಕಾಲನ್ನೇ ಮೊದಲು ತೊಳೆಯಬೇಕಿತ್ತು. ಈಗ ಆ ಎರಡು ಸೀಳಿಗೂ ತಗಡು ಬೆಸೆದು ಮುಚ್ಚಿದೆ. ಆಟಿ ತಿಂಗಳ ಮಳೆಯಲ್ಲಿ ಹಿರಿಯಡಕದ ಇಳಿಜಾರಿನಲ್ಲಿ ನೀರು ರಸ್ತೆ ತುಂಬ ಹರಿಯುವಾಗ ಒಣ ಕಾಲಿನಲ್ಲಿ ಕೂತು ಕ್ಲಚ್ ತುಳಿಯುವುದಿದೆಯಲ್ಲ, ಆ ಸುಖವನ್ನು ಯಾವ ಮಾರಾಟಗಾರನೂ ಬರೆದದ್ದನ್ನು ನಾನು ಕಂಡಿಲ್ಲ. ಚಪ್ಪಲಿ ಬಾಗಿಲ ಬದಿಗೆ ಬಿಚ್ಚಿಟ್ಟು ಬರಿಗಾಲಲ್ಲೇ ಓಡಿಸುತ್ತೇನೆ, ಪೆಡಲಿನ ರಬ್ಬರಿನ ಗೀರು ಹೆಬ್ಬೆರಳಿನ ಬುಡಕ್ಕೆ ತಾಗುತ್ತದೆ. ಎಷ್ಟು ಬಿಟ್ಟರೆ ಕ್ಲಚ್ ಕಚ್ಚುತ್ತದೆ ಎಂಬುದು ಆ ಗೀರಿನ ಮೇಲೇ ತಿಳಿಯುತ್ತದೆ.

ಬೆಳಿಗ್ಗೆಯ ಕ್ರಮವೂ ಬದಲಾಗಿದೆ. ಬಾನೆಟ್ಟಿನ ಎರಡು ಕ್ಲಿಪ್ ಬಿಚ್ಚಿ, ಹಳೆ ಬನಿಯನ್ ತುಂಡಿನಿಂದ ಎರಡು ಡಬ್ಬಿಯ ಮುಚ್ಚಳ ಒರೆಸಿ, ಎಣ್ಣೆ ಗೆರೆಯಲ್ಲಿದೆಯೇ ಎಂದು ಒಂದು ನೋಟ. ಮೊದಲು ಒರೆಸಿ, ಆಮೇಲೇ ಬಿಚ್ಚಿ, ಯಾಕೆಂದರೆ ನಮ್ಮ ಹವೆಯಲ್ಲಿ ನೀರೇ ಇರುವುದು. ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರಿಕೊಳ್ಳುವ ಬ್ರೇಕ್ ಎಣ್ಣೆಗಳು. ಡಾಟ್ 3ರ ಕುದಿಯುವ ಬಿಂದು ಹೊಸತಿದ್ದಾಗ ಕನಿಷ್ಠ 205 ಡಿಗ್ರಿ, ನೀರು ಸೇರಿದಾಗ 140. ಕ್ಲಚ್ಚಿಗೆ ಕುದಿಯುವುದರ ಹೆದರಿಕೆ ಕಡಿಮೆ. ಎರಕದ ಸಿಲಿಂಡರಿನೊಳಗೆ ತುಕ್ಕು ಹಿಡಿದು ಸೀಲು ಹರಿಯುವುದೇ ಇಲ್ಲಿನ ರೋಗ. ಪ್ರತಿ ದೀಪಾವಳಿಗೆ ಹಳೆ ಎಣ್ಣೆ ತೆಗೆದು ಹೊಸತು ಹಾಕುತ್ತೇನೆ. ಹೆಂಡತಿ ಸೀಟಿನಲ್ಲಿ ಕೂತು "ಒತ್ತಿದೆ", "ಬಿಟ್ಟೆ" ಅನ್ನುತ್ತಾಳೆ, ನಾನು ಕೆಳಗೆ ಏರ್ ಬಿಡುವ ನಿಪ್ಪಲ್ ಬಿಚ್ಚಿ ಮುಚ್ಚುತ್ತೇನೆ. ಸ್ಲೇವಿನ ನಿಪ್ಪಲ್ ಮೇಲ್ಮುಖವಾಗಿರಲಿ, ಕೆಳಮುಖವಾದರೆ ಜನ್ಮದಲ್ಲಿ ಏರ್ ಹೋಗುವುದಿಲ್ಲ. ಈ ಎಣ್ಣೆ ಒಂದು ತೊಟ್ಟು ಬಿದ್ದರೂ ಪೈಂಟ್ ಎದ್ದು ಬರುತ್ತದೆ, ನನ್ನ ಗಾಡಿಯ ಫೈರ್‌ವಾಲ್ ನೋಡಿದರೆ ಗೊತ್ತಾಗುತ್ತದೆ.

ಕಾಗದದ ವಿಷಯ. ಕಂಪನಿ ಕೊಟ್ಟ ರೂಪವನ್ನು ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. 2021ರ ವಿಂಟೇಜ್ ನಿಯಮದಲ್ಲಿ ಐವತ್ತು ವರ್ಷ ಮೀರಿದ ಗಾಡಿಯ ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂದಿದೆ. ಆರ್‌ಟಿಒದಲ್ಲೂ ಇನ್ಶೂರೆನ್ಸಿನವರಲ್ಲೂ ಮೊದಲು ಕೇಳಿ, ಆಮೇಲೆ ಡ್ರಿಲ್ ಎತ್ತಿ. ಟಿ-90 ಬಾಕ್ಸು, ಹಳೆ ಪೆಡಲು, ರಾಡು ಎಲ್ಲ ಗ್ರೀಸ್ ಬಳಿದು ಗೋಣಿ ಸುತ್ತಿ ಅಟ್ಟದಲ್ಲಿಟ್ಟಿದ್ದೇನೆ. ಗುಜರಿಯವನು ಎರಡು ಸಲ ವಿಚಾರಿಸಿ ಹೋದ, ಕೊಡಲಿಲ್ಲ.

ಒಟ್ಟು ಖರ್ಚು ಅರವತ್ತು ಸಾವಿರದ ಆಸುಪಾಸು, ಅದರಲ್ಲಿ ಪೆಡಲಿನ ಪಾಲು ಕಾಲು ಭಾಗವೂ ಇಲ್ಲ. ಕೈಯಲ್ಲಿ ದುಡ್ಡು ಕಡಿಮೆಯಿದ್ದು, ಘಾಟಿ ಹತ್ತುವ ಕೆಲಸ ಇಲ್ಲದಿದ್ದರೆ ಪೆಡಲು ಮಾತ್ರ ಹಾಕಿಸಿ, ಮೂರು ಗೇರಿನಲ್ಲೇ ಆರಾಮ ಇರಿ.

ಗೇರ್‌ಬಾಕ್ಸಿಗೆ ಐದರಲ್ಲಿ ಮೂರು. ಪೆಡಲಿಗೆ, ಮೇಸ್ತ್ರಿಯ ಪ್ಲೇಟ್ ಸೇರಿಸಿ, ನಾಲ್ಕೂವರೆ. ಅರ್ಧ ಕಡಿದದ್ದು ಎಡಗಾಲಿನ ಲೆಕ್ಕದಲ್ಲಿ. ಹೊಸ ಬಾಕ್ಸಿಗೆಂದು ನಡುವಿನ ತಗಡನ್ನು ಎತ್ತರಿಸಿದ ಮೇಲೆ ಕ್ಲಚ್ ತುಳಿಯದಾಗ ಆ ಕಾಲಿಡಲು ಜಾಗವೇ ಇಲ್ಲ. ಬೆಸುಗೆಯವನು ಒಂದು ಸಣ್ಣ ಮೆಟ್ಟಿಲು ಮಾಡಿಕೊಡುತ್ತೇನೆ ಅಂದಿದ್ದಾನೆ, ನಾಳೆ ನಾಳೆ ಅನ್ನುತ್ತಿದ್ದಾನೆ.