ವಾಚ್ ತಗೊಳ್ಳೋದಾದ್ರೆ ಹೊಸ ಒಮೆಗಾನಾ, ಸೆಕೆಂಡ್ ಹ್ಯಾಂಡಾ, ಇಲ್ಲಾ ಹಳೇ ಎಚ್‌ಎಂಟಿನಾ?

ದುಡ್ಡಿನ ಲೆಕ್ಕದಲ್ಲಿ ಒಮೆಗಾ, ಟ್ಯಾಗ್ ಹಾಯರ್ ಥರದ ದುಬಾರಿ ಸ್ವಿಸ್ ವಾಚ್ ಸೆಕೆಂಡ್ ಹ್ಯಾಂಡೇ ಲಾಭ, ಯಾಕಂದ್ರೆ ಶೋರೂಮಿಂದ ಹೊರಗೆ ಬಂದ್ಮೇಲೆ ಬೀಳೋ ಬೆಲೆನ ಮೊದಲ ಓನರ್ರೇ ಕಳ್ಕೊಂಡಿರ್ತಾರೆ. ಆದ್ರೆ ರೋಲೆಕ್ಸ್ ಸ್ಟೀಲ್ ಸಬ್‌ಮರೀನರ್‌ಗೆ ಈ ಲೆಕ್ಕ ನಡೆಯಲ್ಲ, ಹಳೇದೇ ಎಷ್ಟೋ ಸಲ ಶೋರೂಮ್ ರೇಟ್‌ಗಿಂತ ಜಾಸ್ತಿ, ಶೋರೂಮಿನ ವೇಟಿಂಗ್ ಲಿಸ್ಟಲ್ಲಿ ಕಾಯೋ ತಾಳ್ಮೆ ಇದ್ರೆ ಹೊಸದೇ ತಗೊಳಿ.

ತಲೆನೋವು ಬೇಡ ಅನ್ನೋರಿಗೂ ಹೊಸದೇ, ಒಮೆಗಾ 5 ವರ್ಷ ವಾರಂಟಿ ಕೊಡುತ್ತೆ. ಹಳೇದಾದ್ರೆ ಬಾಕ್ಸು, ವಾರಂಟಿ ಕಾರ್ಡು, ಸೀರಿಯಲ್ ನಂಬರ್ ತಾಳೆ ಆಗದೆ ದಯವಿಟ್ಟು ಕೈ ಹಾಕ್ಬೇಡಿ, ಸರ್ವಿಸ್ ಯಾವಾಗ ಆಗಿದೆ ಅಂತಾನೂ ಕೇಳಿ, ಸುಮಾರು 5–8 ವರ್ಷಕ್ಕೊಮ್ಮೆ ಬರೋ ಆ ದೊಡ್ಡ ಖರ್ಚು ನಿಮ್ಮದೇ.

ಬರೀ ಕೀ ಕೊಟ್ಟು ಟಿಕ್ ಟಿಕ್ ಕೇಳೋ ಖುಷಿ ಸಾಕು ಅಂದ್ರೆ ನಮ್ಮ ಬೆಂಗಳೂರಿನ ಎಚ್‌ಎಂಟಿ ಜನತಾ ಕೆಲವೇ ಸಾವಿರಕ್ಕೆ ಸಿಗುತ್ತೆ, ಡಯಲ್‌ಗೆ ಹೊಸ ಪೇಂಟ್ ಬಳಿದಿರೋದು ಮಾತ್ರ ಬೇಡ.