ಬರೆಯಲೆಂದೇ ಊರು ಬಿಟ್ಟು ಹೋಗುವುದಾದರೆ: ಆಗುಂಬೆಯೋ, ಆನೆಗುಂದಿಯೋ, ಗೋಕರ್ಣವೋ?

ಬರೆಯುವುದಕ್ಕೆಂದು ರಜೆ ಹಾಕಿ ಹೊರಟವರು ಮೊದಲು ವಿಚಾರಿಸುವುದು ಕಿಟಕಿಯಿಂದ ಏನು ಕಾಣುತ್ತದೆ ಎಂದು. ಬರವಣಿಗೆ ಮುಂದೆ ಹೋಗುವುದು, ನಿಲ್ಲುವುದು ಮೇಜು, ಕರೆಂಟು, ಊಟದ ಹೊತ್ತುಗಳನ್ನು ಅವಲಂಬಿಸಿದೆ. ಆ ಊರು ನಮ್ಮನ್ನು ಕೋಣೆಯಿಂದ ಎಷ್ಟು ಸಲ ಹೊರಗೆಳೆಯುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೂರೂ ಕಡೆ ಕೂತು ಬರೆದು ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು: ಮೊದಲ ಕರಡಿಗೆ ಮಳೆಗಾಲದ ಆಗುಂಬೆ ಸೀಮೆ, ತಿದ್ದುವುದಕ್ಕೆ ಚಳಿಗಾಲದ ಆನೆಗುಂದಿ. ಗೋಕರ್ಣ ಟಿಪ್ಪಣಿ ಮಾಡಿಕೊಳ್ಳಲು ಚೆನ್ನ, ಅಧ್ಯಾಯ ಮುಗಿಸಲು ಕಷ್ಟ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಜುಲೈ ತಿಂಗಳದ್ದೇ ದೊಡ್ಡ ಪಾಲು. ಪ್ರವಾಸಿಗೆ ಅದು ತೊಂದರೆ, ಬರೆಯುವವರಿಗೆ ವರ. ತೋಟದ ಕಡೆ ಕಾಲಿಟ್ಟರೆ ಉಂಬಳ (ಜಿಗಣೆ) ಹತ್ತುತ್ತದೆ, ಗುಡ್ಡ ಹತ್ತಿದರೆ ಮಂಜು ಬಿಟ್ಟು ಏನೂ ಕಾಣದು. ಹಾಗಾಗಿ ಕುರ್ಚಿಯಿಂದ ಏಳಲು ನೆಪವೇ ಸಿಗುವುದಿಲ್ಲ. ಹೆಂಚಿನ ಮೇಲಿನ ಮಳೆ ಸದ್ದು ಪಕ್ಕದ ಕೋಣೆಯ ಮಾತನ್ನೂ ಮುಚ್ಚಿಬಿಡುತ್ತದೆ.

ಕೈಕೊಡುವುದು ಕರೆಂಟು. ಗಾಳಿಗೆ ಮರ ಬಿದ್ದು ಲೈನ್ ಹೋದರೆ ದಿನವಿಡೀ ಬಾರದೆ ಇರಬಹುದು. ಹೋಮ್‌ಸ್ಟೇಯವರಿಗೆ ಫೋನ್ ಮಾಡಿ ‘ಯುಪಿಎಸ್ ಇದೆಯಾ’ ಎಂದರೆ ‘ಇದೆ’ ಎನ್ನುತ್ತಾರೆ; ಅದು ಸಾಮಾನ್ಯವಾಗಿ ಲೈಟು, ಫ್ಯಾನಿಗೆ ಮಾತ್ರ. ‘ಕೋಣೆಯ ಪ್ಲಗ್ ಪಾಯಿಂಟಿಗೂ ಯುಪಿಎಸ್ ಲೈನ್ ಕೊಟ್ಟಿದ್ದೀರಾ’ ಎಂದೇ ಕೇಳಬೇಕು. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಇರುವುದು ಸುಮಾರು 74 ವ್ಯಾಟ್-ಅವರ್. ಸೋರಿಕೆ ಕಳೆದರೆ ಸಾಮಾನ್ಯ ಲ್ಯಾಪ್‌ಟಾಪ್ ಒಂದು ಸಲ ತುಂಬೀತು, ಅದೂ ಪವರ್ ಬ್ಯಾಂಕಿನ ಟೈಪ್-ಸಿ ಕಿಂಡಿ 45 ವ್ಯಾಟ್ ಅಥವಾ ಹೆಚ್ಚು ಕೊಡುವಂತಿದ್ದರೆ. ಫೋನಿಗೆಂದು ಕೊಂಡ 18 ವ್ಯಾಟಿನದು ಇಲ್ಲಿ ಉಪಯೋಗಕ್ಕೆ ಬಾರದು. ನೆಟ್‌ವರ್ಕನ್ನೂ ನಂಬಬೇಡಿ. ಗೂಗಲ್ ಡಾಕ್ಸ್‌ನಲ್ಲಿ ಬರೆಯುವವರು ಆಫ್‌ಲೈನ್ ಆಯ್ಕೆಯನ್ನು ಮನೆಯಲ್ಲೇ ಚಾಲೂ ಮಾಡಿ, ಒಮ್ಮೆ ವೈಫೈ ಆರಿಸಿ ಕಡತ ತೆರೆಯುತ್ತದೆಯೇ ನೋಡಿಕೊಂಡು ಹೊರಡಿ. ಡಾಕ್ಸ್‌ನ ಧ್ವನಿ ಟೈಪಿಂಗ್ ನೆಟ್ ಇಲ್ಲದೆ ನಡೆಯದು.

ತೇವ ಎರಡನೆಯ ಶತ್ರು. ಕಾಗದ ಮೆತ್ತಗಾಗಿ ಇಂಕ್ ಪೆನ್ನಿನ ಶಾಯಿ ಹರಡುತ್ತದೆ, ಆದ್ದರಿಂದ ಬಾಲ್ ಪೆನ್ನು ಅಥವಾ ಪೆನ್ಸಿಲ್ಲೇ ಸರಿ. ಕೈಬರಹದ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿನಲ್ಲಿಡಿ. ರಾತ್ರಿ ಎಸಿ ಬಸ್ಸಿನಲ್ಲಿ ತಣ್ಣಗಾದ ಲ್ಯಾಪ್‌ಟಾಪನ್ನು ಇಳಿದ ಕೂಡಲೇ ತೆರೆದರೆ ಒಳಗೆ ನೀರಹನಿ ಕಟ್ಟೀತು. ಬ್ಯಾಗಿನೊಳಗೇ ಒಂದು ಗಂಟೆ ಬಿಟ್ಟು ಆಮೇಲೆ ಚಾಲೂ ಮಾಡಿ. ಮಳೆ ಹೊಳವಾದ ಮಧ್ಯಾಹ್ನ ಸಿಕ್ಕರೆ ಕುವೆಂಪು ಅವರ ಊರಾದ ಕುಪ್ಪಳಿಯ ಕವಿಮನೆ, ಕವಿಶೈಲಕ್ಕೆ ಹೋಗಿಬನ್ನಿ. ಅಷ್ಟು ಸುತ್ತಾಟ ಸಾಕು.

ಆನೆಗುಂದಿಯ ಗುಣ ಇದಕ್ಕೆ ತದ್ವಿರುದ್ಧ. ತುಂಗಭದ್ರೆಯ ಉತ್ತರ ದಡ, ಹಂಪಿಗೆ ಎದುರು, ಸುತ್ತ ಬಂಡೆಗುಡ್ಡ ಮತ್ತು ಗದ್ದೆ. ನವೆಂಬರ್ ಕೊನೆಯಿಂದ ಜನವರಿವರೆಗೆ ಗಾಳಿ ಒಣಗಿರುತ್ತದೆ, ಬೆಳಕು ನಿಚ್ಚಳ. ಪ್ರಿಂಟ್ ತೆಗೆದ ಹಾಳೆಗಳನ್ನು ನೆಲದ ಮೇಲೆ ಹರವಿ ಅಧ್ಯಾಯಗಳ ಕ್ರಮ ಬದಲಿಸುವ ಕೆಲಸ ಇಲ್ಲಿ ಸಲೀಸು. ಮಲೆನಾಡಿನ ಮಳೆಯಲ್ಲಿ ಅದು ಆಗದು. ಎ4 ಹಾಳೆಯ ಒಂದೇ ಮಗ್ಗುಲಲ್ಲಿ, ಸಾಲುಗಳ ನಡುವೆ ದುಪ್ಪಟ್ಟು ಜಾಗ ಬಿಟ್ಟು ಪ್ರಿಂಟ್ ಮಾಡಿಸಿಕೊಂಡೇ ಹೋಗಿ. ಬೆಳಿಗ್ಗೆ ಆರೂವರೆಯಿಂದ ಹನ್ನೊಂದರವರೆಗೆ ತಿದ್ದಿ, ಸಂಜೆ ತಾರಸಿಯ ಮೇಲೆ ಅದನ್ನೇ ಗಟ್ಟಿಯಾಗಿ ಓದಿದರೆ ಸಂಭಾಷಣೆಯಲ್ಲಿ ಎಲ್ಲಿ ಉಸಿರು ಕಟ್ಟುತ್ತದೆ ಎಂಬುದು ಕಿವಿಗೇ ತಿಳಿಯುತ್ತದೆ.

ಇಲ್ಲೂ ಎಡವುವ ಜಾಗಗಳಿವೆ. ಮಾರ್ಚ್ ಬಂದರೆ ಬಂಡೆ ಹಗಲೆಲ್ಲ ಕಾದು ರಾತ್ರಿ ಶಾಖ ಬಿಡುತ್ತದೆ, ಕೋಣೆ ಬಹಳ ಹೊತ್ತು ತಣಿಯುವುದಿಲ್ಲ. ಡಿಸೆಂಬರಿನ ಹನುಮಮಾಲೆ ವಿಸರ್ಜನೆಗೆ ಪಕ್ಕದ ಅಂಜನಾದ್ರಿ ಬೆಟ್ಟಕ್ಕೆ ಸಾವಿರಾರು ಜನ ಬರುತ್ತಾರೆ. ದಿನಾಂಕ ನೋಡಿ ಆ ವಾರ ಬಿಟ್ಟುಬಿಡಿ. ಗದ್ದೆ ಹತ್ತಿರವಿದ್ದಲ್ಲಿ ಸಂಜೆ ದೀಪಕ್ಕೆ ಹುಳ ಮುತ್ತುತ್ತವೆ. ಟ್ಯೂಬ್‌ಲೈಟ್ ಆರಿಸಿ ಹಳದಿ ಬೆಳಕಿನ ಮೇಜುದೀಪ ಹಚ್ಚಿದರೆ ಕಡಿಮೆಯಾಗುತ್ತವೆ, ಸೊಳ್ಳೆಪರದೆ ಜೊತೆಗಿರಲಿ. ಹೊಸಪೇಟೆವರೆಗೆ ರೈಲು, ಅಲ್ಲಿಂದ ರಸ್ತೆ.

ಗೋಕರ್ಣದ ತೊಡಕು ಅದರ ಚೆಲುವೇ. ಸೂರ್ಯ ನೇರ ಸಮುದ್ರಕ್ಕೆ ಇಳಿಯುವುದರಿಂದ ಐದರಿಂದ ಏಳರವರೆಗೆ ಯಾರೂ ಕೋಣೆಯಲ್ಲಿ ಕೂರುವುದಿಲ್ಲ, ಆಮೇಲೆ ಶ್ಯಾಕ್‌ಗಳ (ಬೀಚಿನ ಗುಡಿಸಲು ಹೋಟೆಲುಗಳ) ಹಾಡು ಶುರು. ಕಡಿಮೆ ಬಾಡಿಗೆಯ ಗುಡಿಸಲುಗಳಲ್ಲಿ ಮೇಜು ಸಿಗುವುದು ಅಪರೂಪ. ಏಪ್ರಿಲ್, ಮೇನಲ್ಲಿ ಸೆಕೆಗೆ ಮಣಿಕಟ್ಟು ಕಾಗದಕ್ಕೆ ಅಂಟುತ್ತದೆ, ಉಪ್ಪುಗಾಳಿ ಚಾರ್ಜರಿನ ಪಿನ್ನಿಗೆ ತುಕ್ಕು ತರುತ್ತದೆ. ಕವಿತೆ ಬರೆಯುವವರು, ಮುಂದಿನ ಕಾದಂಬರಿಯ ಹೂರಣ ಹುಡುಕುವವರು ಮಾತ್ರ ಹೋಗಬಹುದು: ಬೆಳಗಿನ ಜಾವ ಕುಡ್ಲೆ ಬೀಚಿನಿಂದ ಓಂ ಬೀಚಿನವರೆಗೆ ನಡೆಯುತ್ತಾ ಫೋನಿನಲ್ಲಿ ಮಾತು ದಾಖಲಿಸಿಕೊಂಡು, ಹತ್ತರೊಳಗೆ ಬರೆದು ಮುಗಿಸುವುದಾದರೆ. ಶಿವರಾತ್ರಿಯ ರಥೋತ್ಸವದ ವಾರ ಬೇಡ.

ಮೂರು ಕಡೆಗೂ ಭಾನುವಾರ ಸಂಜೆ ತಲುಪಿ ಶುಕ್ರವಾರ ಹೊರಡಿ. ವಾರಾಂತ್ಯದ ಗುಂಪು, ಕ್ಯಾಂಪ್‌ಫೈರ್, ಸ್ಪೀಕರ್ ತಪ್ಪುತ್ತವೆ, ಬಾಡಿಗೆಯಲ್ಲೂ ಚೌಕಾಶಿಗೆ ಅವಕಾಶ. ಐದು ರಾತ್ರಿಗಿಂತ ಕಡಿಮೆಯಾದರೆ ಪ್ರಯಾಣದ ದಣಿವಿಗೇ ಅರ್ಧ ಹೋಗುತ್ತದೆ. ಮುಂಗಡ ಕಳಿಸುವ ಮುನ್ನ ಮೇಜು-ಕುರ್ಚಿಯ ಫೋಟೋ ತರಿಸಿಕೊಳ್ಳಿ: ಮೇಜು ಸುಮಾರು 75 ಸೆಂ.ಮೀ., ಕೂರುವ ಮಟ್ಟ 45 ಸೆಂ.ಮೀ. ಇರಬೇಕು. ಸೋಫಾ ಮತ್ತು ಟೀಪಾಯಿ ಇದ್ದರೆ ಎರಡನೇ ದಿನಕ್ಕೇ ಹೆಗಲು ಹಿಡಿಯುತ್ತದೆ. ಮಾರ್ಗದರ್ಶಕರಿರುವ ಶಿಬಿರಕ್ಕೆ ಹೋಗುವುದಾದರೆ ವೇಳಾಪಟ್ಟಿ ತರಿಸಿ, ಒಬ್ಬರೇ ಕೂತು ಬರೆಯಲು ದಿನಕ್ಕೆ ನಾಲ್ಕು ಗಂಟೆಯಾದರೂ ಬಿಟ್ಟಿದ್ದಾರೆಯೇ ನೋಡಿ. ಬಿಟ್ಟಿಲ್ಲವೆಂದರೆ ಅದನ್ನು ಕಲಿಯುವ ಶಿಬಿರವೆಂದು ತಿಳಿದು, ಹಸ್ತಪ್ರತಿ ಮನೆಯಲ್ಲೇ ಬಿಟ್ಟು ಹೋಗಿ.