ನಲ್ಲಿಗೆ ಹಾಕಿದ ಟೈಮರ್: ಎರಡು ಬೇಸಿಗೆಗಳ ನಂತರ

ಬೆಳಗಿನ ಐದೂವರೆಗೆ ಹಿತ್ತಲಿನಿಂದ ‘ಗುರ್’ ಎಂದು ಸಣ್ಣ ಸದ್ದು ಬರುತ್ತದೆ. ಟೈಮರ್‌ನೊಳಗಿನ ಪುಟ್ಟ ಮೋಟಾರು ವಾಲ್ವ್ ತಿರುಗಿಸುವ ಸದ್ದು. ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂರುತ್ತೇನೆ. ಮೊದಲು ಕರಿಬೇವಿನ ಬುಡ ಕಪ್ಪಾಗುತ್ತದೆ, ಆಮೇಲೆ ದಾಸವಾಳ, ಕೊನೆಗೆ ಗೋಡೆಯಂಚಿನ ಮಲ್ಲಿಗೆ ಕುಂಡಗಳು. ರಾಯಚೂರಿನ ಏಪ್ರಿಲ್‌ನಲ್ಲಿ ತಂಪು ಎನ್ನಬಹುದಾದದ್ದು ಆ ಹೊತ್ತು ಮಾತ್ರ. ಹಿಂದೆ ಅದೂ ಪೈಪ್ ಹಿಡಿದೇ ಕಳೆದುಹೋಗುತ್ತಿತ್ತು.

ಇದು ನನ್ನ ಎರಡನೆಯ ಟೈಮರ್. ಮೊದಲನೆಯದನ್ನು ಅಗ್ಗವೆಂದು ತಂದು ಕೆಟ್ಟೆ. ಅದರದು ವಿದ್ಯುತ್ಕಾಂತದಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್, ಸರಿಯಾಗಿ ತೆರೆಯಲು ನೀರಿನ ಒತ್ತಡ ಬೇಕು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಒಂದೇ ಅಂತಸ್ತಿನ ನಮ್ಮ ಮನೆಯ ಟ್ಯಾಂಕ್ ನಲ್ಲಿಗಿಂತ 4 ಮೀಟರ್ ಮೇಲಿದ್ದರೆ ಹೆಚ್ಚು, ಆ ಒತ್ತಡ ಅದಕ್ಕೆ ಸಾಲಲಿಲ್ಲ. ಆಮೇಲೆ 1,900 ರೂಪಾಯಿ ತೆತ್ತು ಬಾಲ್ ವಾಲ್ವಿನದನ್ನು ತಂದೆ. ಮೋಟಾರೇ ತಿರುಗಿಸುವುದರಿಂದ ಇದಕ್ಕೆ ಒತ್ತಡದ ಹಂಗಿಲ್ಲ. ಸೆಲ್ ಹಾಕುವುದರಿಂದ ಕರೆಂಟಿನ ಹಂಗೂ ಇಲ್ಲ. ಗಿಡದ ಬುಡಕ್ಕೆ ನೀರು ಹನಿಸುವ ಡ್ರಿಪ್ಪರ್ ಮಾತ್ರ ಹೇಳಿದಷ್ಟು ನೀರು ಬಿಡಲಿಲ್ಲ. ಲೋಟವಿಟ್ಟು ಅಳೆದು, 20 ನಿಮಿಷವನ್ನು 35ಕ್ಕೆ ಏರಿಸಿದೆ. ಮಳೆ ಬಂದರೆ ಒತ್ತಲು ಒಂದು ಗುಂಡಿಯಿದೆ. ನಮ್ಮ ಕಡೆ ಅದಕ್ಕೆ ಕೆಲಸ ಕಡಿಮೆ.

ಕಳೆದ ಮೇ ತಿಂಗಳಲ್ಲಿ ಅಕ್ಕನ ಮಗಳ ಮದುವೆಗೆಂದು ಲಿಂಗಸುಗೂರಿಗೆ ಹೋಗದಿದ್ದರೆ ಇಷ್ಟು ಹೊಗಳಿ ಸುಮ್ಮನಾಗುತ್ತಿದ್ದೆ. ಆರು ದಿನ ಬಿಟ್ಟು ಬಂದರೆ ಎರಡು ಮಲ್ಲಿಗೆ ಗಿಡ ಒಣಗಿ ಕಡ್ಡಿಯಾಗಿದ್ದವು. ಟೈಮರ್ ಪರದೆಯಲ್ಲಿ ಎಲ್ಲವೂ ಸರಿಯಿತ್ತು. ವಾಲ್ವ್ ದಿನವೂ ತೆರೆದಿತ್ತು, ಮುಚ್ಚಿತ್ತು. ಡ್ರಿಪ್ಪರ್‌ಗಳ ಬಾಯಿಗೆ ಮಾತ್ರ ಬಿಳಿಯ ಉಪ್ಪು ಗಟ್ಟಿಯಾಗಿ ಕೂತಿತ್ತು. ಕೃಷ್ಣೆ, ತುಂಗಭದ್ರೆಗಳ ನಡುವಿನ ಜಿಲ್ಲೆ, ನಮ್ಮ ಕುಂಡಗಳ ಪಾಲಿಗೆ ಬೋರ್‌ವೆಲ್‌ನ ಗಡಸು ನೀರು! ನೀರು ಹರಿಯಿತೋ ಇಲ್ಲವೋ ಎಂದು ನೋಡುವ ಕಣ್ಣು ಈ ಯಂತ್ರಕ್ಕಿಲ್ಲ. ಪೆಟ್ಟಿಗೆಯ ಮೇಲೆ ಪ್ರವಾಸ ಹೊರಟ ಕುಟುಂಬದ ನಗುಮುಖದ ಚಿತ್ರ ಬೇರೆ. ಅಂದು ಬಂದ ಸಿಟ್ಟಿಗೆ ಕಿತ್ತೇ ಬಿಸಾಡುವವನಿದ್ದೆ.

ಬಿಸಾಡಲಿಲ್ಲ. ಮರುದಿನ ಐದೂವರೆಗೆ ಅದು ಮತ್ತೆ ‘ಗುರ್’ ಎಂದಿತು. ಈಗ ಭಾನುವಾರಗಳಂದು ನೀರು ಸೋಸುವ ಜಾಲರಿ ತೊಳೆಯುತ್ತೇನೆ, ಡ್ರಿಪ್ಪರ್‌ಗಳನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸುತ್ತೇನೆ. ಅಡುಗೆಮನೆಯ ಒಂದು ಬಟ್ಟಲು ಇದಕ್ಕೇ ಹೋಯಿತೆಂದು ಹೆಂಡತಿಯ ಗೊಣಗಾಟ ಇದ್ದೇ ಇದೆ. ಈ ಬೇಸಿಗೆಯಲ್ಲಿ ಊರಿಗೆ ಹೊರಟಾಗ ಹಿತ್ತಲಿನ ಕೀಲಿಯನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟು ಹೋದೆವು. ದಿನಕ್ಕೊಮ್ಮೆ ಕುಂಡದ ಮಣ್ಣು ಮುಟ್ಟಿ ನೋಡುವುದು ಅವರ ಕೆಲಸ. ಅಷ್ಟೂ ದಿನ ಅರಳಿದ ಮಲ್ಲಿಗೆಯೆಲ್ಲ ಅವರದು.